ಮೂರು ಸಲ ಬೀಳುವ ನಾಣ್ಯ

ನನ್ನ ತಮ್ಮನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಏಳನೇ ತರಗತಿಯಲ್ಲಿ ಎರಡು ಸಲ ಕೂತು ಎರಡು ಸಲವೂ ಫೇಲಾದ ಈ ಮಹಾನುಭಾವನನ್ನು ಬೀದಿಯವರೆಲ್ಲ ಪ್ರೊಫೆಸರ್ ಎಂದು ಕರೆಯುತ್ತಾರೆ. ಆ ಪದವಿ ಅವನೇ ತನಗೆ ಕೊಟ್ಟುಕೊಂಡದ್ದು. ಮಕ್ಕಳ ಹುಟ್ಟುಹಬ್ಬಕ್ಕೆ ಮ್ಯಾಜಿಕ್ ಮಾಡುವುದು ಅವನ ಕಸುಬು. ಮೂವತ್ತೆರಡು ವರ್ಷ ಅದೊಂದರಿಂದಲೇ ಹೊಟ್ಟೆ ಹೊರೆದ. ನಾನು ದರ್ಜಿ. ಅವನ ಕೋಟಿನೊಳಗೆ ಹನ್ನೊಂದು ಗುಪ್ತ ಜೇಬು ಹೊಲಿದುಕೊಟ್ಟವಳು ನಾನು, ಆದ್ದರಿಂದ ಅವನ ಗುಟ್ಟುಗಳೆಲ್ಲ ನನಗೆ ಗೊತ್ತು ಎಂದುಕೊಂಡಿದ್ದೆ.

ಕಳೆದ ತಿಂಗಳು ಅವನ ಮಗಳು ನನ್ನ ಅಂಗಡಿಗೆ ಫೋನು ಮಾಡಿದಳು. ಅಪ್ಪನೊಂದಿಗೆ ಅವಳು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

“ಅತ್ತೆ, ಇನ್ನು ಹನ್ನೆರಡು ದಿನಕ್ಕೆ ನಮ್ಮ ಪುಟ್ಟಿಗೆ ಎಂಟು ತುಂಬತ್ತೆ. ನಿಮ್ಮ ತಾತ ಮ್ಯಾಜಿಕ್ ಮಾಡ್ತಾರಂತೆ ಅಂತ ಸ್ಕೂಲಲ್ಲಿ ಯಾರೋ ಹೇಳಿದಾರೆ. ಅದನ್ನೇ ಹಿಡ್ಕೊಂಡು ಕೂತಿದಾಳೆ. ಅವರಿಗೆ ಬರೋಕೆ ಹೇಳಿ.”

“ನೀನೇ ಹೇಳಮ್ಮ. ಇಲ್ಲೇ ಬಾಗಿಲಲ್ಲಿ ಕೂತಿದಾನೆ.”

“ಬೇಡ. ಎರಡು ಮಾತು ಮಾತ್ರ ಹೇಳಿಬಿಡಿ. ಮುಚ್ಚಳ ಇರೋ ಯಾವುದರೊಳಗೂ ಯಾವ ಮಗೂನೂ ಕೂರಿಸಬಾರದು. ಇನ್ನೊಂದು, ಆ ಕಥೆ ಇಲ್ಲಿ ಹೇಳಬಾರದು.”

ಯಾವ ಕಥೆ ಎಂದು ನಾನು ಕೇಳಲಿಲ್ಲ.

ಹೆಂಡತಿ ತೀರಿಕೊಂಡಾಗ ಅವನ ಮಗಳಿಗೆ ಐದು ವರ್ಷ. ಸಣಕಲು ಮಗು; ಗುಬ್ಬಿ ಎನ್ನುತ್ತಿದ್ದೆವು. ಶಾಲೆಯಿಲ್ಲದ ದಿನ ಅಪ್ಪನ ಬೆನ್ನಿಗೇ ಆಟಕ್ಕೆ ಹೋಗುತ್ತಿದ್ದಳು. ಅವನ ಆಟಗಳಲ್ಲೆಲ್ಲ ಹೆಸರುವಾಸಿಯಾದದ್ದು ಪೆಟ್ಟಿಗೆಯ ಆಟ. ಗುಬ್ಬಿ ಪೆಟ್ಟಿಗೆಯೊಳಗೆ ಹೋಗುತ್ತಾಳೆ, ಇವನು ಬಾಗಿಲು ಹಾಕುತ್ತಾನೆ, ತೆರೆದರೆ ಖಾಲಿ. ಅವಳು ಸುಳ್ಳು ಹಲಗೆಯ ಹಿಂದೆ ಮುದುರಿ ಕೂತಿರುತ್ತಾಳೆ. ಆಮೇಲೆ ಹಿಂದಿನ ಕಿಂಡಿಯಿಂದ ಪರದೆಯಾಚೆ ತೂರಿ, ಮನೆಯ ಹಿಂಬಾಗಿಲಿಂದ ಸುತ್ತಿ ಬಂದು, ಕೂತ ಮಕ್ಕಳ ಬೆನ್ನ ಹಿಂದೆ ‘ಇಲ್ಲಿದ್ದೀನಿ’ ಎನ್ನಬೇಕು. ಒಳಗಿರುವಷ್ಟು ಹೊತ್ತು ಉಸಿರಿನ ಸದ್ದೂ ಆಚೆ ಕೇಳಬಾರದು, ಏನೇ ಆದರೂ ಕೂಗಬಾರದು. ಅಕ್ಷರ ಕಲಿಯುವ ವಯಸ್ಸಿನಲ್ಲಿ ಅವನು ಮಗಳಿಗೆ ಕಲಿಸಿದ ಪಾಠ ಇದು.

ಅವಳಿಗೆ ಒಂಬತ್ತು ವರ್ಷವಿದ್ದಾಗ, ನನ್ನ ಅಂಗಡಿಗೆ ಎರಡು ಬೀದಿ ಆಚೆಯ ಮನೆಯೊಂದರಲ್ಲಿ ಹುಟ್ಟುಹಬ್ಬದ ಆಟ. ಅಂದು ಕಿಂಡಿಯ ಚಿಲಕ ಸಿಕ್ಕಿಕೊಂಡಿತು. ಗುಬ್ಬಿ ಹಿಂದಿನಿಂದ ಬರಲೇ ಇಲ್ಲ. ಇವನೋ, ಮಾತಿನ ಮಲ್ಲ. ‘ಗುಬ್ಬಿ ಚಂದ್ರಲೋಕಕ್ಕೆ ಹಾರಿಹೋದಳು, ನಾಳೆ ಬರ್ತಾಳೆ’ ಎಂದುಬಿಟ್ಟ. ಎಂದೂ ಇಲ್ಲದಷ್ಟು ಚಪ್ಪಾಳೆ ಬಿತ್ತು. ಆಟ ಕೆಡಿಸಿದ ಭಯಕ್ಕೆ ಮಗಳು ಅತ್ತೆಯ ಅಂಗಡಿಗೆ ಓಡಿಹೋಗಿದ್ದಾಳೆ ಎಂದುಕೊಂಡು ಕೂತು ಊಟ ಮಾಡಿದ. ಪೆಟ್ಟಿಗೆಯನ್ನು ಕೈಗಾಡಿಗೆ ಹೇರಿಸಿದ. ಗಾಡಿಯವನು ‘ಇವತ್ತು ಪೆಟ್ಟಿಗೆ ಭಾರ ಇದೆ ಸಾರ್’ ಎಂದನಂತೆ. ಇವನು ನಕ್ಕನಂತೆ.

“ಗುಬ್ಬಿ ಎಲ್ಲೋ?” ಎಂದು ನಾನು ಕೇಳಿದಾಗ “ಇಲ್ಲಿಗೆ ಬಂದಿಲ್ವಾ?” ಎಂದ. ಪೆಟ್ಟಿಗೆ ಒಡೆದವಳು ನಾನೇ. ಮಗುವಿನ ಕಣ್ಣು ಮೇಲಾಗಿತ್ತು, ಫ್ರಾಕು ಒದ್ದೆಯಾಗಿತ್ತು. ಕೂಗು ಆಚೆ ಬರದಂತೆ ತುಟಿ ಕಚ್ಚಿ ಹಿಡಿದು ಕೆಳತುಟಿ ಹರಿದುಹೋಗಿತ್ತು. ಬೆಳಕು ಒಳಗೆ ಬರಬಾರದೆಂದು ಪೆಟ್ಟಿಗೆಗೆ ಎರಡು ಪದರ ಕರಿ ಬಟ್ಟೆ ಹೊಲಿದುಕೊಟ್ಟವಳು ನಾನು. ಗಾಳಿಯ ಯೋಚನೆ ನನ್ನ ತಲೆಗೂ ಬರಲಿಲ್ಲ. ಈ ಪಾಪದಲ್ಲಿ ನನ್ನ ಪಾಲೂ ಇದೆ. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ.

ಗುಬ್ಬಿ ಉಳಿದಳು. ಅದನ್ನೂ ಅವಳು ಮರೆಯುತ್ತಿದ್ದಳೋ ಏನೋ. ಆದರೆ ಅಪ್ಪ ಎನಿಸಿಕೊಂಡವನು ಎದೆ ಬಡಿದುಕೊಳ್ಳಬೇಕಾದ ಸಂಗತಿಯನ್ನು ಎದೆಯುಬ್ಬಿಸಿ ಹೇಳತೊಡಗಿದ. “ಮುಕ್ಕಾಲು ಗಂಟೆ ಕಣ್ರೀ, ನನ್ನ ಮಗಳು ಪಿಟಕ್ ಅನ್ನಲಿಲ್ಲ. ಅದು ಟ್ರೈನಿಂಗು ಅಂದ್ರೆ.” ಕ್ಷೌರದಂಗಡಿಯಲ್ಲಿ ಹೇಳಿದ, ಆಟಕ್ಕೆ ಹೋದ ಮನೆಗಳಲ್ಲಿ ಹೇಳಿದ. ಹದಿಮೂರು ವರ್ಷವಾದ ಮೇಲೆ ಅವಳ ಮದುವೆಯಲ್ಲೂ, ಗಂಡಿನ ಕಡೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ. ಅವರು ನಕ್ಕರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮರುದಿನದಿಂದ ಅವಳಿಗೆ ಅಪ್ಪ ಇರಲಿಲ್ಲ.

ಫೋನಿನ ವಿಷಯ ಹೇಳಿದಾಗ ಅವನು ಬಾಗಿಲಿಂದ ಎದ್ದು ಒಳಗೆ ಬಂದ. ಆಮೇಲೆ ನನ್ನ ಅಳತೆಯ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡ.

“ಅಕ್ಕ, ಎಷ್ಟು ಮಕ್ಕಳಂತೆ? ಕೋಣೆ ಎಷ್ಟುದ್ದ? ಕಿಟಕಿ ಯಾವ ಕಡೆ?”

ಅವನ ಕೆಲಸದ ಬಗ್ಗೆ ನಾನು ಎಷ್ಟೇ ಗೊಣಗಿದರೂ ಅದರಲ್ಲಿ ಅವನು ಅಡ್ಡಕಸುಬಿಯಲ್ಲ. ಆಟಗಾರನ ಬೆನ್ನಿಗೆ ಗೋಡೆಯಿರಬೇಕು, ಕನ್ನಡಿಯಾಗಲಿ ಗಾಜಿನ ಬೀರುವಾಗಲಿ ಇರಕೂಡದು. ಮಕ್ಕಳು ನೆಲದ ಮೇಲೆ, ದೊಡ್ಡವರು ಹಿಂದೆ ಕುರ್ಚಿಯಲ್ಲಿ. ಆಟ ಕೇಕಿಗಿಂತ ಮೊದಲು. ಕೇಕು ತಿಂದ ಮಕ್ಕಳು ಒಂದೆಡೆ ಕೂರುವುದಿಲ್ಲ, ಮುಟ್ಟಿದ್ದಕ್ಕೆಲ್ಲ ಕ್ರೀಮು ಮೆತ್ತುತ್ತವೆ. ಎಂಟು ವರ್ಷದವರಿಗೆ ಇಪ್ಪತ್ತೈದು ನಿಮಿಷ, ಒಂದು ನಿಮಿಷ ಹೆಚ್ಚಾದರೂ ಗಲಾಟೆ. ‘ನಂಗೊತ್ತು, ತೋಳಲ್ಲಿದೆ’ ಎಂದು ಕೂಗುವ ಮಗು ಒಂದು ಇದ್ದೇ ಇರುತ್ತದೆ. ಅದರ ಕೈಗೆ ಟೋಪಿ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಹುಟ್ಟುಹಬ್ಬದ ಮಗುವನ್ನು ಮಾತ್ರ ಕೊನೆಯ ಆಟಕ್ಕೆ ಕರೆಯಬೇಕು. ಹಾಳೆಯ ಮೇಲೆ ಹನ್ನೆರಡು ಆಟ ಬರೆದ. ಬರೆದದ್ದು ಇರುವೆ ಹರಿದಾಡಿದ ಹಾಗಿತ್ತು. ಅವನ ಅಕ್ಷರ ಯಾವ ಕಾಲಕ್ಕೆ ಚೆನ್ನಾಗಿತ್ತು ಎಂದು ನಾನು ಸುಮ್ಮನಾದೆ.

ಮೂರನೆಯ ದಿನ ಕೋಟು ತಂದ. ಮೈ ಇಳಿದು ಹೆಗಲು ಸಡಿಲವಾಗಿತ್ತು. ತೋಳು ಹಿಡಿದು ಗುಂಡುಸೂಜಿ ಚುಚ್ಚಲು ಹೋದರೆ ಕೈ ನಿಲ್ಲುತ್ತಿಲ್ಲ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜುತ್ತಲೇ ಇದ್ದವು, ಗುಳಿಗೆ ಉರುಳಿಸುವ ಹಾಗೆ.

“ಕೈ ಅಲ್ಲಾಡಿಸ್ಬೇಡ್ವೋ, ಸೂಜಿ ಚುಚ್ಚತ್ತೆ.”

“ನಾನು ಅಲ್ಲಾಡಿಸ್ತಿಲ್ಲ ಅಕ್ಕ.”

ನಾನು ಸೂಜಿ ಕೆಳಗಿಟ್ಟೆ. ಒಂದೂವರೆ ವರ್ಷದಿಂದ ಹೀಗಂತೆ. ನರದ ಕಾಯಿಲೆ, ವಾಸಿಯಾಗುವುದಲ್ಲ, ಮಾತ್ರೆ ತಗೊಂಡರೆ ಹೆಚ್ಚುವುದು ನಿಧಾನವಾಗುತ್ತದೆ ಅಷ್ಟೇ ಎಂದು ಡಾಕ್ಟರು ಹೇಳಿದ್ದಾರಂತೆ. ಆಟಕ್ಕೆ ಯಾರೂ ಕರೆಯುತ್ತಿಲ್ಲ, ಈಗೆಲ್ಲ ಮಕ್ಕಳಿಗೆ ಮೊಬೈಲೇ ಸಾಕು ಎಂದು ನನ್ನೆದುರು ದೂರುತ್ತಿದ್ದನಲ್ಲ, ಅದೂ ಸುಳ್ಳು. ಕರೆದವರಿಗೆ ಇವನೇ ಬರುವುದಿಲ್ಲ ಎನ್ನುತ್ತಿದ್ದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಅಷ್ಟೇ ಅಳುವೂ ಬಂತು.

“ಗುಬ್ಬಿಗೆ ಹೇಳೋಣ. ಆಟ ಬೇಡ, ತಾತ ಆಗಿ ಹೋಗಿ ಕೂತ್ಕೋ.”

“ಬೇಡ. ಹೇಳಿದ್ರೆ ಅಯ್ಯೋ ಪಾಪ ಅಂತಾಳೆ. ಅವಳಿಗೆ ನನ್ನ ಮೇಲೆ ಸಿಟ್ಟಿದೆ, ಇರ್ಲಿ. ಸಿಟ್ಟಾದ್ರೆ ಎದುರಿಗೆ ನಿಲ್ಲಿಸ್ಕೊಂಡು ಬೈತಾಳೆ, ನಾನು ತಪ್ಪಾಯ್ತು ಅಂತೀನಿ. ಹನ್ನೊಂದು ವರ್ಷದಿಂದ ಅದಕ್ಕೇ ಕಾಯ್ತಿದೀನಿ. ಪಾಪ ಅನ್ನಿಸಿಬಿಟ್ರೆ ಬೈಯೋದೇ ಇಲ್ಲ. ಆಮೇಲೆ ನಾನು ಯಾರ ಹತ್ರ ತಪ್ಪಾಯ್ತು ಅನ್ಲಿ?”

ಅವನ ಬಾಯಿಂದ ಅಷ್ಟು ನೆಟ್ಟಗಿನ ಮಾತು ನಾನು ಎಂದೂ ಕೇಳಿರಲಿಲ್ಲ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಕೊಡಬಾರದಿತ್ತು.

ಆಮೇಲಿನ ದಿನಗಳಲ್ಲಿ ನಾನು ಮಿಷನ್ನು ತುಳಿಯುತ್ತಿದ್ದರೆ ಅವನು ಕತ್ತರಿಸುವ ಮೇಜಿನ ಮುಂದೆ ನಿಂತು ಒಂದೊಂದೇ ಆಟ ಮಾಡಿ ನೋಡುತ್ತಿದ್ದ. ಇಸ್ಪೀಟು ಕೈಯಿಂದ ಚೆಲ್ಲಿತು. ಹಾಳೆಯಲ್ಲಿ ಅದರ ಮೇಲೆ ಗೀಟೆಳೆದ. ಲೋಟದ ನೀರು ಮೇಜಿಗೆ ತುಳುಕಿತು, ಗೀಟು. ಮೊಟ್ಟೆಯ ಆಟಕ್ಕೆ ಮೂರು ಮೊಟ್ಟೆ ಹೋದವು. ರೇಷ್ಮೆ ಕರವಸ್ತ್ರವನ್ನು ಮುಷ್ಟಿಯಲ್ಲಿ ಅಡಗಿಸುವುದು ಅವನು ಹದಿನಾರನೇ ವಯಸ್ಸಿನಲ್ಲಿ ಕಲಿತ ಮೊದಲ ಆಟ. ಅದರ ತುದಿ ಬೆರಳ ಸಂದಿಯಿಂದ ಇಣುಕಿದಾಗ ಗೀಟೆಳೆಯಲೂ ಇಲ್ಲ, ಕರವಸ್ತ್ರವನ್ನು ನನ್ನ ಚಿಂದಿಯ ಬುಟ್ಟಿಗೆ ಹಾಕಿದ. ವಾರ ಕಳೆಯುವಷ್ಟರಲ್ಲಿ ಹಾಳೆಯಲ್ಲಿ ಮೂರು ಉಳಿದವು. ಮಕ್ಕಳೇ ಎಣಿಸುವ ಲೆಕ್ಕದ ಆಟ, ಮಕ್ಕಳೇ ಕತ್ತರಿಸುವ ಹಗ್ಗದ ಆಟ, ಕೊನೆಗೆ ನಾಣ್ಯ.

ನಾಣ್ಯದ ಆಟದಲ್ಲಿ ಅವನ ಹಳೆಯ ಉಪಾಯವೊಂದಿತ್ತು. ಮಾಯ ಮಾಡುತ್ತೇನೆಂದು ಜಂಬ ಕೊಚ್ಚಿ, ಬೇಕೆಂದೇ ನಾಣ್ಯವನ್ನು ಕೆಳಗೆ ಬೀಳಿಸುತ್ತಾನೆ. ಪೆಚ್ಚುಮೋರೆ ಹಾಕಿ ಎತ್ತಿಕೊಳ್ಳುತ್ತಾನೆ, ಮತ್ತೆ ಬೀಳಿಸುತ್ತಾನೆ. ಹೀಗೆ ಮೂರು ಸಲ. ದೊಡ್ಡವರ ಪಜೀತಿ ಎಂದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ, ಬಿದ್ದು ಬಿದ್ದು ನಗುತ್ತವೆ. ನಾಲ್ಕನೆಯ ಸಲ ನಾಣ್ಯ ನಿಜಕ್ಕೂ ಮಾಯವಾಗಿ ಹುಟ್ಟುಹಬ್ಬದ ಮಗುವಿನ ಕಿವಿಯಿಂದ ಬರುತ್ತದೆ.

“ಇದರಲ್ಲಿ ಬಿದ್ರೂ ಆಟವೇ ಅಕ್ಕ. ಒಂದೇ ಒಂದು ಸಲ ಕೈ ಮಾತು ಕೇಳಿದ್ರೆ ಸಾಕು.”

ಹಿಂದಿನ ದಿನ ಹತ್ತು ಸಲ ಮಾಡಿ ತೋರಿಸಿದ. ಆರು ಸಲ ಕೈ ಮಾತು ಕೇಳಿತು. ನಾನು ಭೇಷ್ ಎಂದೆ. ಇನ್ನೇನು ಹೇಳಲಿ?

ಗುಬ್ಬಿಯ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದವಳು “ಬನ್ನಿ” ಎಂದಳು, ಅಪ್ಪನ ಮುಖ ನೋಡಲಿಲ್ಲ. ಅವನ ಕೈಗಳು ಕೋಟಿನ ಜೇಬಿನೊಳಗಿದ್ದವು. ಹೇಳಿಕಳಿಸಿದ ಹಾಗೆ ಕುರ್ಚಿಗಳು ಹಿಂದಕ್ಕೆ ಹೋಗಿದ್ದವು, ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಅಪ್ಪನ ಪಾಠ ಒಂದನ್ನೂ ಅವಳು ಮರೆತಿರಲಿಲ್ಲ. ಹದಿನಾಲ್ಕು ಮಕ್ಕಳು ನೆಲದ ಮೇಲೆ ಕೂತಿದ್ದರು. ಪುಟ್ಟಿ ಹೊಸ ಫ್ರಾಕು ಹಾಕಿಕೊಂಡು ಎಲ್ಲರಿಗೂ “ನನ್ನ ತಾತ, ನನ್ನ ತಾತ” ಎನ್ನುತ್ತಿದ್ದಳು.

ಲೆಕ್ಕದ ಆಟ ಚೆನ್ನಾಗಿಯೇ ಆಯಿತು. ಹಗ್ಗದ್ದೂ ದಡ ಸೇರಿತು, ಮಾತಿನ ಬಲದಿಂದ. ಗುಬ್ಬಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಪುಟ್ಟಿಯನ್ನು ಮುಂದೆ ಕರೆದು ನಾಣ್ಯ ತೆಗೆದ. ಬೀಳಿಸಿದ. ಮಕ್ಕಳು ಗೊಳ್ಳೆಂದರು. ಎರಡನೆಯ ಸಲ ಬಿದ್ದಾಗ ಒಬ್ಬ ನೆಲಕ್ಕೆ ಉರುಳಿ ನಕ್ಕ. ಮೂರನೆಯ ಸಲ ಬಿತ್ತು, ನಾನು ಬಾಗಿಲ ಕಡೆ ನೋಡಿದೆ. ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹನ್ನೊಂದು ವರ್ಷ. ನನ್ನ ಕಣ್ಣು ಮಂಜಾಯಿತು.

ನಾಲ್ಕನೆಯ ಸಲವೂ ನಾಣ್ಯ ಬಿತ್ತು.

ಮಕ್ಕಳು ಇನ್ನೂ ಜೋರಾಗಿ ನಕ್ಕರು. ಅವರಿಗೆ ಲೆಕ್ಕವೇನು ಗೊತ್ತು? ನನ್ನನ್ನು ಬಿಟ್ಟರೆ ಲೆಕ್ಕ ಗೊತ್ತಿದ್ದವಳು ಗುಬ್ಬಿ ಒಬ್ಬಳೇ. ಅವಳ ಕೈ ಬಾಯಿಯಿಂದ ಮೆಲ್ಲಗೆ ಕೆಳಗಿಳಿಯಿತು. ಐದನೆಯ ಸಲ ಬಿದ್ದಾಗ ಅವನು ಬಗ್ಗಿ ಎತ್ತಿಕೊಳ್ಳಲು ಹೋದ, ಬೆರಳಿಗೆ ಸಿಗಲಿಲ್ಲ, ನೆಲವನ್ನು ಕೆರೆದ. ಕೋಣೆಯೆಲ್ಲ ನಗುವೋ ನಗು. ಪುಟ್ಟಿ ಮಾತ್ರ ಬಗ್ಗಿ ಅವನ ಕೈಯನ್ನೇ ಹತ್ತಿರದಿಂದ ನೋಡಿದಳು.

“ತಾತ, ನಿಮಗೆ ಚಳಿ ಆಗ್ತಿದೆಯಾ?”

ಗುಬ್ಬಿ ನಡುವೆ ಬಂದು ಕೈ ತಟ್ಟಿದಳು. “ಆಟ ಮುಗೀತು. ಎಲ್ಲರೂ ಕೇಕಿಗೆ ಬನ್ನಿ.” ಮಕ್ಕಳು ಹೋ ಎಂದು ಎದ್ದರು. ಅವನು ಗೋಡೆಗೆ ಬೆನ್ನು ಕೊಟ್ಟು, ಅಭ್ಯಾಸಬಲದಿಂದ, ಖಾಲಿ ನೆಲಕ್ಕೆ ತಲೆಬಾಗಿ ನಮಸ್ಕಾರ ಮಾಡಿದ.

ಮಕ್ಕಳೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಉಳಿದವರು ನಾವು ಮೂವರು. ಸ್ಟೂಲಿನ ಮೇಲೆ ಕೂತಿದ್ದ ಅವನ ಕೈಯಲ್ಲಿ ಕೇಕಿನ ತಟ್ಟೆ, ಚಮಚ ತಟ್ಟೆಗೆ ಬಡಿದು ಸದ್ದಾಗುತ್ತಿತ್ತು.

“ಯಾವಾಗಿಂದ?” ಎಂದು ಗುಬ್ಬಿ ನನ್ನನ್ನು ಕೇಳಿದಳು.

“ಒಂದೂವರೆ ವರ್ಷ. ಮಾತ್ರೆ ತಗೋತಿದಾನೆ,” ಎಂದೆ.

ಅವಳು ನಲ್ಲಿ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು. “ಮಗು ಹಠ ಮಾಡ್ತು ಅಂತ ಕರೀಲಿಲ್ಲ ಅತ್ತೆ. ಆಟ ಮುಗಿಸಿ ಎಲ್ಲರೂ ಹೋಗ್ಲಿ, ಇವತ್ತು ಇವರನ್ನ ಎದುರಿಗೆ ನಿಲ್ಲಿಸ್ಕೊಂಡು ಬೈದೇ ಬಿಡ್ತೀನಿ ಅಂತ ಕರೆದೆ. ಪೆಟ್ಟಿಗೆ ಒಳಗೆ ಏನೇನಾಯ್ತು ಅಂತ ಒಂದೊಂದೇ ಹೇಳಬೇಕು ಅಂತಿದ್ದೆ. ಎಷ್ಟು ವರ್ಷದಿಂದ ಮಾತು ಜೋಡಿಸಿಟ್ಟಿದ್ದೆ ಗೊತ್ತಾ?”

“ಹೇಳಮ್ಮ,” ಎಂದ ಅವನು. “ಅದಕ್ಕೇ ಬಂದಿದೀನಿ. ಬೈಯಿ.”

ಅವಳು ಅಪ್ಪನನ್ನು ನೋಡಿದಳು. ತಟ್ಟೆಯ ಸದ್ದು ಮಾತ್ರ ನಿಲ್ಲದೆ ಕೇಳುತ್ತಿತ್ತು. ಕೊನೆಗೆ ಅವಳು ಇನ್ನೊಂದು ಸ್ಟೂಲು ಎಳೆದು ಎದುರಿಗೆ ಕೂತು, ಅವನ ಕೈಯಿಂದ ತಟ್ಟೆ ತೆಗೆದುಕೊಂಡು, ಒಂದು ಚಮಚ ಕೇಕು ಅವನ ಬಾಯಿಗೆ ಹಿಡಿದಳು.

“ಬಾಯಿ ತೆಗೀರಿ,” ಎಂದಳು, ಮಕ್ಕಳಿಗೆ ಹೇಳುವ ದನಿಯಲ್ಲಿ.

ಅವನು ನನ್ನ ಕಡೆ ನೋಡಿದ. ಆ ಕಣ್ಣು ನೋಡಲಾರದೆ ನಾನು ನಲ್ಲಿಯ ಕಡೆ ತಿರುಗಿದೆ. ಹಿಂದಿನಿಂದ ಅವನ ದನಿ ಕೇಳಿಸಿತು: “ಮೊದಲು ಬೈಯಮ್ಮ. ಆಮೇಲೆ ತಿಂತೀನಿ.”

“ತಿನ್ನಿ,” ಎಂದಳು ಗುಬ್ಬಿ. “ಮಾತ್ರೆ ತಗೊಳ್ಳೋ ಹೊತ್ತಾಗಿರಬೇಕು.”