ಮೂರು ಮಣೆಗಳ ಅಂಗಡಿ

೨೦೨೨ರಲ್ಲಿ ನಾನು ಮಲೇಷ್ಯಾದ ಪಿನಾಂಗ್‌ನಲ್ಲಿ ಒಂದು ಸಣ್ಣ ಕನ್ಸಲ್ಟಿಂಗ್ ಸಂಸ್ಥೆಯ ಆಹಾರ ಸುರಕ್ಷತಾ ಸಲಹೆಗಾರ್ತಿಯಾಗಿದ್ದೆ. ಬೇಕರಿ, ಕ್ಯಾಂಟೀನುಗಳ ಅಡುಗೆಮನೆ ನೋಡಿ ‘ಹ್ಯಾಸಪ್’ ಯೋಜನೆ ಬರೆದುಕೊಡುವುದು ಕೆಲಸ. ಹೆಸರು ಭಾರಿ, ಅರ್ಥ ಸರಳ: ತಿಂಡಿ ಎಲ್ಲೆಲ್ಲಿ ಕೆಡಬಹುದೆಂದು ಮೊದಲೇ ಹುಡುಕಿ, ಅಲ್ಲಲ್ಲಿ ಕಾವಲು ಹಾಕುವುದು. ಗದಗಿನಲ್ಲಿ ಚಹಾದಂಗಡಿ ಇಟ್ಟಿದ್ದವರ ಮಗಳು ನಾನು. ತಂದೆ ಕಡೆ, ತಾಯಿ ಕಡೆ ಎಲ್ಲಿ ಹುಡುಕಿದರೂ ಡಿಗ್ರಿ ಪಡೆದವರಲ್ಲಿ ಮೊದಲಿಗಳು. ಆ ಹೆಮ್ಮೆ ಈಗಲೂ ಇದೆ. ಅದೇ ಹೆಮ್ಮೆ ಒಮ್ಮೆ ಒಂದು ಹಳೆಯ ಅಂಗಡಿಗೆ ಕುತ್ತು ತಂದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಪಿನಾಂಗ್‌ನ ಹಳೆಯ ಪಟ್ಟಣ ಜಾರ್ಜ್‌ಟೌನ್‌ನ ಒಂದು ಗಲ್ಲಿಯಲ್ಲಿದ್ದ ಆ ಅಂಗಡಿಗೆ ಬೋರ್ಡೇ ಇರಲಿಲ್ಲ. ಜನ ‘ಬಗ್ದಾದ್ ಅಂಗಡಿ’ ಎನ್ನುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬಗ್ದಾದಿನಿಂದ ಕಲ್ಕತ್ತೆಗೆ ಬಂದು, ಅಲ್ಲಿ ಹಬೀಬಾ ಎಂಬಾಕೆಯನ್ನು ಮದುವೆಯಾಗಿ, ಹಡಗು ಹತ್ತಿ ಪಿನಾಂಗ್‌ನಲ್ಲಿ ಇಳಿದ ನಾಜಿ (ಅರಬ್ಬಿಯಲ್ಲಿ ‘ಪಾರಾದವನು’ ಎಂದರ್ಥ) ಎಂಬ ಯಹೂದಿ ಅದನ್ನು ಶುರುಮಾಡಿದ್ದ. ಮೊದಲು ಬಂದರಿನಲ್ಲಿ ತಗಡಿನ ಡಬ್ಬಿ ಹೊತ್ತು ಖರ್ಜೂರದ ಬಿಸ್ಕತ್ತು ಮಾರಿದ, ಆಮೇಲೆ ಒಲೆ ಕಟ್ಟಿಸಿ ಅಂಗಡಿ ಇಟ್ಟ. ಯುದ್ಧದಲ್ಲಿ ಜಪಾನೀಯರು ಊರನ್ನು ಹಿಡಿದಿದ್ದ ಕಾಲದಲ್ಲಿ ಗೋಧಿ ಹಿಟ್ಟು ಸಿಗದೆ ಮರಗೆಣಸಿನ ಹಿಟ್ಟಿನಲ್ಲೇ ಬಿಸ್ಕತ್ತು ಸುಟ್ಟರಂತೆ. ಯುದ್ಧ ಮುಗಿದ ಮೇಲೆ ಇಲ್ಲಿದ್ದ ಬೆರಳೆಣಿಕೆಯ ಯಹೂದಿ ಕುಟುಂಬಗಳು ಒಂದೊಂದಾಗಿ ಆಸ್ಟ್ರೇಲಿಯಾ, ಸಿಂಗಪುರ ಸೇರಿದವು. ನಾಜಿಯ ಮಗ ಉಳಿದುಕೊಂಡ, ಚೀನೀ ಹುಡುಗಿಯನ್ನು ಮದುವೆಯಾದ. ಅವರ ಮಗಳೇ ರೂಬಿ ಆಂಟಿ. ನಾನು ಕಂಡಾಗ ಅರವತ್ತೆಂಟು ವರ್ಷ, ಕೈಯಲ್ಲಿ ಸದಾ ಲಟ್ಟಣಿಗೆ.

“ಎಲ್ಲರೂ ಹೋದರಲ್ಲ, ನಿಮ್ಮಪ್ಪ ಯಾಕೆ ಹೋಗಲಿಲ್ಲ?” ಎಂದು ಕೇಳಿದ್ದೆ.

“ಒಲೆ ಹಡಗು ಹತ್ತಲ್ಲ ಲಾ,” ಎಂದಿದ್ದರು, ಇಲ್ಲಿಯವರೆಲ್ಲ ಮಾತಿನ ಕೊನೆಗೆ ಸೇರಿಸುವ ‘ಲಾ’ ಸಮೇತ.

ಕೋವಿಡ್ ನಂತರ ವ್ಯಾಪಾರ ಬಿದ್ದುಹೋಗಿತ್ತು. ಅಷ್ಟರಲ್ಲಿ ಒಂದು ಹೋಟೆಲ್ ಸಮೂಹ ತನ್ನ ಕೋಣೆಗಳಿಗೆಲ್ಲ ಆ ಖರ್ಜೂರದ ಬಿಸ್ಕತ್ತನ್ನು ಕೇಳಿತು. ಒಂದೇ ಷರತ್ತು: ಪೊಟ್ಟಣದ ಮೇಲೆ ‘ಹಾಲಿನ ಅಂಶವಿಲ್ಲ’ ಎಂದು ಬರೆಯಬೇಕು, ಲ್ಯಾಬ್ ಅದನ್ನು ಒಪ್ಪಬೇಕು. ಹಾಲಿನ ಅಲರ್ಜಿ ಇರುವವರಿಗೆ ಒಂದು ಚೂರು ಹಾಲೂ ಅಪಾಯ. ಬಿಸ್ಕತ್ತಿಗೆ ಬೆಣ್ಣೆ ಹಾಕುತ್ತಿರಲಿಲ್ಲ, ಎಣ್ಣೆಯೇ. ಹಾಗಾಗಿ ಸುಲಭದ ಕೆಲಸ ಅಂದುಕೊಂಡೆ. ರೂಬಿ ಆಂಟಿ ಮಾತ್ರ ನೇರವಾಗಿ ಹೇಳಿದರು: “ಈ ಆರ್ಡರ್ ಬಂದರೆ ಅಂಗಡಿ ಇರುತ್ತೆ. ಬರದಿದ್ದರೆ ಡಿಸೆಂಬರ್‌ಗೆ ಶಟರ್ ಎಳೆದು ನಾನೂ ಸೆಲ್ವಿಯೂ ಮನೆಗೆ.”

ಸೆಲ್ವಿ ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಪಾತ್ರೆ ತೊಳೆದು, ಹಿಟ್ಟು ಕಲಸುತ್ತಿದ್ದ ತಮಿಳು ಹೆಂಗಸು. ಓದಿದ್ದು ಆರನೇ ಕ್ಲಾಸು.

ಹನ್ನೆರಡು ಅಡಿಗೆ ಹದಿನೆಂಟು ಅಡಿಯ ಅಡುಗೆಮನೆ. ಅಷ್ಟರಲ್ಲೇ ಎರಡು ಸಿಂಕು, ಮೂರು ಲಟ್ಟಣಿಗೆ, ಮೂರು ಮರದ ಮಣೆ. ಒಂದು ಮಣೆಯ ಅಂಚಿನಲ್ಲಿ ಒಂದು ಕಚ್ಚು, ಇನ್ನೊಂದಕ್ಕೆ ಎರಡು, ಮೂರನೆಯದು ನುಣ್ಣಗೆ. ನನ್ನ ಕಣ್ಣಿಗೆ ಅದು ಬರೀ ಅಡಚಣೆ. ಸಾಮಾನು ಕಡಿಮೆಯಾದಷ್ಟೂ ಸ್ವಚ್ಛತೆ ಹೆಚ್ಚು ಎಂದು ಓದಿದ್ದೆನಲ್ಲ! ನಕ್ಷೆ ಬರೆದು ಅದರಲ್ಲಿ ಒಂದು ಸಿಂಕು ಹೊಡೆದುಹಾಕಿದೆ. ಮಣೆಗಳಲ್ಲಿ ಅಗಲವಾದ ಒಂದು ಕಚ್ಚಿನದನ್ನು ಉಳಿಸಿ ಮಿಕ್ಕೆರಡನ್ನು ಸ್ಟೋರಿಗೆ ಹಾಕಿ ಎಂದೆ.

ಸೆಲ್ವಿ ಅಡ್ಡ ಬಂದಳು. “ವೇಣಾಂ ಅಕ್ಕಾ. ಅದು ಪಾಲ್ ಪಲಗೈ.” ನಾನು ಉಳಿಸಿದ್ದು ಹಾಲಿನ ಮಣೆ, ಬೇಡ ಎಂದಳು.

“ಚೀಸ್ ಸಂಬೂಸಕ್ ಮಾಡುವುದು ಗುರುವಾರ, ಬಿಸ್ಕತ್ತು ಸೋಮವಾರ,” ಎಂದೆ. “ಮಧ್ಯೆ ಮೂರು ದಿನ ಇದೆ, ಕುದಿಯುವ ನೀರಲ್ಲಿ ತೊಳೆಯಿರಿ. ತೊಳೆದ ಮೇಲೆ ಎಲ್ಲ ಮಣೆಯೂ ಒಂದೇ ಸೆಲ್ವಿ.”

ಸಂಬೂಸಕ್ ಎಂದರೆ ನಮ್ಮ ಸಮೋಸದ ಬಗ್ದಾದಿ ನೆಂಟ. ಅಲ್ಲಿ ಚೀಸಿನದೂ ಕೋಳಿಯದೂ ಎರಡೂ ಆಗುತ್ತಿದ್ದವು. ಸೆಲ್ವಿ ರೂಬಿ ಆಂಟಿಯ ಮುಖ ನೋಡಿದಳು. ಅವರು ಲಟ್ಟಣಿಗೆ ಕೆಳಗಿಟ್ಟು, “ನೀನು ಓದಿದವಳು. ನಮ್ಮಜ್ಜಿ ಹತ್ತಿರ ಸರ್ಟಿಫಿಕೇಟ್ ಇರಲಿಲ್ಲ. ನೀನು ಹೇಳಿದ ಹಾಗೇ ಮಾಡೋಣ ಲಾ,” ಎಂದರು. ಯಾಕೆ ಮೂರು ಎಂದು ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ಮೊದಲ ಸ್ಯಾಂಪಲ್ಲಿನ ವರದಿ ಬಂತು. ಹೋಟೆಲಿನವರ ಮಿತಿ ಹತ್ತು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ. ನಮ್ಮ ಬಿಸ್ಕತ್ತಿನಲ್ಲಿ ಮೂವತ್ತೆಂಟು. ಇನ್ನೊಂದೇ ಅವಕಾಶ, ಹತ್ತು ದಿನದೊಳಗೆ ಎಂದು ಹೋಟೆಲಿನವರು ಬರೆದರು.

ನನ್ನ ಗಂಡ ಇಮ್ತಿಯಾಜ್ ಹುಬ್ಬಳ್ಳಿಯವನು, ಇಲ್ಲಿನ ಬಯಾನ್ ಲೆಪಾಸ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಸಂಜೆ ಆ ಬಿಸ್ಕತ್ತನ್ನೇ ಚಹಾದಲ್ಲಿ ಅದ್ದುತ್ತಾ ಹೇಳಿದ: “ಏನ್ ಚಲೋ ಅದಾವ್ ಮಾರಾಯ್ತಿ! ನಿನ್ನ ಡಿಗ್ರಿ ತೋರ್ಸಾಕ ಹೋಗಿ ಈ ಅಂಗಡಿ ಬಾಗ್ಲಾ ಹಾಕಿಸ್ಬ್ಯಾಡ ಮತ್ತ. ನಮ್ ಫ್ಯಾಕ್ಟರ್ಯಾಗ ಒಂದ್ ಸ್ಕ್ರೂ ಬಿಚ್ಚಬೇಕಂದ್ರೂ ಅದನ್ಯಾಕ ಹಾಕ್ಯಾರಂತ ಮೊದ್ಲ ಕೇಳ್ತೀವಿ.”

ಸಿಟ್ಟು ಬಂತು. ಮರುದಿನ ಬೆಳಿಗ್ಗೆಯೇ ಹಾಲಿನ ಪ್ರೋಟೀನ್ ಪತ್ತೆಹಚ್ಚುವ ಪಟ್ಟಿಗಳನ್ನು ತೆಗೆದುಕೊಂಡು ಅಂಗಡಿಗೆ ಹೋದೆ. ಗೆರೆ ಮೂಡಿದರೆ ಹಾಲಿದೆ ಎಂದರ್ಥ. ಹಿಟ್ಟು, ಎಣ್ಣೆ, ಒಲೆ, ತಟ್ಟೆ, ಎಲ್ಲವೂ ಸ್ವಚ್ಛ. ಮಣೆಗೆ ಒರೆಸಿದ ಪಟ್ಟಿಯಲ್ಲಿ ಗೆರೆ ಕಪ್ಪಗೆ ಮೂಡಿತು. ವರ್ಷಾನುಗಟ್ಟಲೆ ಚೀಸು ಕುಡಿದ ಮರ ಅದು. ಮೇಲಾಗಿ ನಾನು ಹೇಳಿದ ಕುದಿನೀರು ಹಾಲಿನ ಪ್ರೋಟೀನನ್ನು ತೊಳೆಯುವ ಬದಲು ಬೇಯಿಸಿ ಅಂಟಿಸಿತ್ತು. ಸ್ಟೋರಿಗೆ ಹೋಗಿ ಕಚ್ಚಿಲ್ಲದ ಮಣೆಯನ್ನು ಒರೆಸಿದೆ. ಗೆರೆಯೇ ಇಲ್ಲ.

“ಆಂಟಿ, ತಪ್ಪು ನನ್ನದು,” ಎಂದೆ.

“ಗೊತ್ತು,” ಎಂದರು. “ಕೂತ್ಕೋ, ಮೊದಲು ಮಕಾನ್, ತಿನ್ನೋದು. ಕೋಳಿ ಸಂಬೂಸಕ್ ಇದೆ. ಹಲಾಲ್ ಕೋಳಿಯೇ, ಎದುರಿನ ತಮಿಳು ಮುಸ್ಲಿಂ ಮಮಕ್ ಹೋಟೆಲಿನವನ ತಮ್ಮನೇ ಕೊಡೋದು.”

ತಿನ್ನುತ್ತಿದ್ದಾಗ ಹೇಳಿದರು. ಹಾಲನ್ನೂ ಮಾಂಸವನ್ನೂ ಬೆರೆಸಬಾರದು ಎಂಬುದು ಯಹೂದಿಗಳ ನೇಮ. ಒಂದು ಕಚ್ಚು ಹಾಲಿಗೆ, ಎರಡು ಮಾಂಸಕ್ಕೆ. ಕಚ್ಚಿಲ್ಲದ್ದು ಎರಡೂ ಅಲ್ಲದ್ದಕ್ಕೆ. ಖರ್ಜೂರದ ಬಿಸ್ಕತ್ತು ಯಾವ ಊಟದ ಮೇಲಾದರೂ ಸಲ್ಲಬೇಕು, ಅದಕ್ಕೇ ಎಣ್ಣೆ, ಅದಕ್ಕೇ ಬೇರೆ ಮಣೆ.

“ನೀವು ಇದನ್ನೆಲ್ಲ ಪಾಲಿಸ್ತೀರಾ?”

“ನಾನಾ? ಏರ್‌ಪೋರ್ಟಲ್ಲಿ ಚೀಸ್ ಬರ್ಗರ್ ತಿಂತೀನಿ! ಆದರೆ ಇದು ಅಜ್ಜಿಯ ಅಡುಗೆಮನೆ ಲಾ. ಇಲ್ಲಿ ಅವಳದ್ದೇ ರೂಲ್.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ನೀನು ಕೇಳಲಿಲ್ಲ. ನನಗೆ ಆರ್ಡರ್ ಬೇಕಿತ್ತು. ಓದಿದವರ ಹತ್ತಿರ ನಮ್ಮಜ್ಜಿ ಹೀಗಂದಳು ಅನ್ನೋಕೆ ನಾಚಿಕೆ ಆಯ್ತು.”

ಆ ಮಾತು ಚುಚ್ಚಿತು. ನನ್ನಪ್ಪನೂ ನನ್ನ ಪ್ರೊಫೆಸರರ ಮುಂದೆ ಹೀಗೆಯೇ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಪೆನ್ನು ತೆಗೆದು, ಹಬೀಬಾ ಅಜ್ಜಿಯ ನಿಯಮಗಳನ್ನೆಲ್ಲ ಹೇಳಿ ಎಂದೆ. ಸೆಲ್ವಿ ನೀಟಾಗಿ ಹನ್ನೆರಡು ಹೇಳಿದಳು. ಎರಡು ಸಿಂಕು, ಮೂರು ಸ್ಪಂಜು. ಹಾಲಿನ ಪಾತ್ರೆಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಹೀಗೆ ಹನ್ನೊಂದು ನೇರವಾಗಿ ನನ್ನ ಹ್ಯಾಸಪ್ ಕೋಷ್ಟಕದಲ್ಲಿ ಕೂತವು. ಹನ್ನೆರಡನೆಯದು, ಹಿಟ್ಟಿನ ಮುಂದೆ ಜಗಳ ಆಡಬಾರದು. ಅದನ್ನೂ ‘ಸಿಬ್ಬಂದಿ ವರ್ತನೆ’ ಎಂಬ ಶೀರ್ಷಿಕೆಯಡಿ ಸೇರಿಸಿದೆ.

ಹೊಡೆದುಹಾಕಿದ್ದ ಸಿಂಕು ನಕ್ಷೆಗೆ ಮತ್ತೆ ಬಂತು, ಮಣೆಗಳು ಸ್ಟೋರಿನಿಂದ ಹೊರಬಂದವು. ಒಂಬತ್ತನೆಯ ದಿನ ವರದಿ: ಹಾಲಿನ ಅಂಶ ಪತ್ತೆಯಾಗಿಲ್ಲ. ರೂಬಿ ಆಂಟಿ ಕಾಗದವನ್ನು ಎರಡು ಸಲ ಓದಿ, ಹಿಟ್ಟಿನ ಕೈಯಲ್ಲೇ ಸೆಲ್ವಿಯ ಮುಖ ಹಿಡಿದು ಕೆನ್ನೆಗೆ ಮುತ್ತಿಟ್ಟರು.

ಹೋಟೆಲಿನ ಆಡಿಟರ್ ಬಂದ. ಮರದ ಮಣೆ ಕಂಡು ಹುಬ್ಬು ಗಂಟಿಕ್ಕಿ, ವಾರಕ್ಕೊಮ್ಮೆ ಬಿರುಕು ನೋಡಬೇಕೆಂಬ ಷರತ್ತು ಹಾಕಿದ. ಅವನ ಪ್ರಶ್ನೆಗಳಿಗೆ ನಾನು ಬಾಯಿ ತೆರೆಯುವ ಮುನ್ನವೇ ಸೆಲ್ವಿ ಉತ್ತರಿಸುತ್ತಿದ್ದಳು. ಕೊನೆಯ ಪುಟದಲ್ಲಿ ‘ಅಲರ್ಜನ್ ನಿಯಂತ್ರಣದ ಹೊಣೆಗಾರರು’ ಎಂಬ ಖಾಲಿ ಜಾಗವಿತ್ತು. ರೂಬಿ ಆಂಟಿ ಅಲ್ಲಿ ಅಜ್ಜಿಯ ಹೆಸರು ಬರೆಯಹೊರಟರು.

“ಜೀವಂತ ಇರೋರು ಬೇಕು ಮೇಡಂ,” ಎಂದ ಆಡಿಟರ್.

“ಹಾಗಾದರೆ ಇವಳು,” ಎಂದು ಪೆನ್ನನ್ನು ಸೆಲ್ವಿಯ ಕೈಗಿತ್ತರು.

ಸೆಲ್ವಿ ಕೈ ಒರೆಸಿಕೊಂಡು, ತಮಿಳಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಆರ್ಡರ್ ಬಂತು, ಅಂಗಡಿ ಇಂದಿಗೂ ತೆರೆದಿದೆ. ಅಂದಿನಿಂದ ನಾನು ಯಾವ ಅಡುಗೆಮನೆಗೆ ಹೋದರೂ ನಕ್ಷೆ ಬಿಡಿಸುವ ಮೊದಲು ಪಾತ್ರೆ ತೊಳೆಯುವವರನ್ನು ಹುಡುಕಿಕೊಂಡು ಹೋಗಿ, “ಇದು ಇಲ್ಲಿ ಯಾಕಿದೆ?” ಎಂದು ಕೇಳುತ್ತೇನೆ. ಉತ್ತರ ಮುಗಿಯುವ ತನಕ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ.