ಸೆರಗಿನೊಳಗೆ ಎತ್ತಿದ ಕೈ

ತಾಳಿಕೋಟೆ ಹಾದಿಯ ನಮ್ಮೂರಿಗೆ ನಳದ ನೀರು ಬೇಕೋ ಬೇಡವೋ ಎಂದು ಜನರ ಕೈ ಎತ್ತಿಸಿ ಕೇಳಿದ್ದು ಎಪ್ಪತ್ತೊಂದರಲ್ಲಿ. ಪಂಚಾಯತಿ ಸರ್ಕಾರದಿಂದ ಸಾಲ ತಂದು ನೀರಿನ ಟಾಕಿ ಕಟ್ಟಿಸುವುದು, ಸಾಲ ತೀರಿಸಲು ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಏರಿಸುವುದು. ಇದು ಚೇರಮನ್ ಗುರಣ್ಣನ ವಿಚಾರ. ಪಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮೂರ ಹಿರಿಯರಿಗೆ ಬಾವಿಯ ನೀರು ಅಮೃತವಾಗಿಬಿಟ್ಟಿತು. ಒಂದು ಕೊಡವನ್ನೂ ಹೊರದವರಿಗೆ ಹಾಗನ್ನಿಸುವುದು ಸಹಜ ಬಿಡಿ.

ಹೊರುತ್ತಿದ್ದವಳು ನಮ್ಮ ಪಕ್ಕದ ಮನೆಯ ಚಂದವ್ವ. ಗಂಡ ಸತ್ತ ಮೇಲೆ ಮಾವ ಸೋಮನಿಂಗಪ್ಪನ ಮನೆಯಲ್ಲೇ ಇದ್ದಳು. ಮಗಳು ಸಾತವ್ವ ಆಗಷ್ಟೇ ಸಣ್ಣ ಕೊಡ ಹಿಡಿದು ತಾಯಿಯ ಹಿಂದೆ ಬಾವಿಗೆ ಇಳಿಯತೊಡಗಿದ್ದಳು. ಮೆಟ್ಟಿಲಿಗೆಲ್ಲ ಪಾಚಿ. ಮಗಳ ಕಾಲು ಎಲ್ಲಿ ಜಾರೀತೋ ಎಂದು ಚಂದವ್ವನಿಗೆ ಜೀವ ಕೈಯಲ್ಲಿ. ನಳ ಬರಲೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಸಭೆ ಚಾವಡಿಯ ಮುಂದೆ ಸೇರಿತು. ನಾವು ಹೆಂಗಸರು ಗೋಡೆಗೆ ಆತು ನಿಂತೆವು. ಬೇಡವೆನ್ನುವ ಹಿರಿಯರ ಜೊತೆ ಸೋಮನಿಂಗಪ್ಪ ನಮ್ಮ ಎದುರಿಗೇ ಕೂತಿದ್ದ. ಮಾವನ ಎದುರು ಸೊಸೆ ಸೆರಗು ಸರಿಸಬಾರದು, ತೋಳು ಕಾಣಿಸಬಾರದು. ನಮ್ಮಲ್ಲಿ ಅದು ರೂಢಿ.

"ನಳ ಬೇಕನ್ನವ್ರು ಕೈ ಎತ್ರಿ" ಎಂದ ಗುರಣ್ಣ.

ಚಂದವ್ವ ಎತ್ತಿದಳು, ಸೆರಗಿನೊಳಗೇ. ಆಮೇಲೆ ಅವಳೇ ನನಗೆ ಹೇಳಿದ್ದು. ಎಣಿಸುವವನಿಗೆ ಅದು ಹೇಗೆ ಕಂಡೀತು? ಎರಡೂ ಕಡೆ ಸಮ ಬಂತು; ಸಮ ಬಂದರೆ ಬೇಡವೆಂದೇ ತೀರ್ಮಾನ. "ನಂದೂ ಒಂದೈತ್ರಿ" ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅದೇ ಮಳೆಗಾಲದಲ್ಲಿ ಸಾತವ್ವ ಕಾಲು ಜಾರಿ ಬಾವಿಗೆ ಬಿದ್ದು ಸತ್ತಳು.

ಅಂದಿನಿಂದ ಬಾವಿಯಲ್ಲಿ ಮಗಳ ದನಿ ಕೇಳುತ್ತದೆ ಎನ್ನುತ್ತಿದ್ದಳು ಚಂದವ್ವ. ಕೊಡ ಮುಳುಗಿಸಿದಾಗ ಬುಳುಬುಳು ಸದ್ದಿನ ನಡುವೆ "ಯವ್ವಾ" ಎನ್ನುತ್ತಾಳಂತೆ. ಉಳಿದವರು ಹೆದರಿ ನಿಂಬೆಹಣ್ಣು ಕೊಯ್ದು ಎಸೆದು ಬಂದರು. ಇವಳು ಮಾತ್ರ ಕೆಳಗಿನ ಮೆಟ್ಟಿಲ ಮೇಲೆ ಕೂತು, ಮನೆಯ ಸುದ್ದಿಯನ್ನೆಲ್ಲ ನೀರಿಗೆ ಹೇಳುತ್ತಿದ್ದಳು. ಒಮ್ಮೆ ನಾನೂ ಅವಳ ಪಕ್ಕದಲ್ಲಿ ಕೊಡ ಮುಳುಗಿಸಿದೆ. ಏನು ಕೇಳಿತೆಂದು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಕೆಲವು ವರ್ಷ ಕಳೆದು ಅದೇ ಮಾತು ಮತ್ತೆ ಸಭೆಗೆ ಬಂತು. ಈ ಸಲ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಸೋಮನಿಂಗಪ್ಪ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಬೇಡವೆನ್ನುವವರೇ ಇರಲಿಲ್ಲ. ಮನೆಪಟ್ಟಿ ಏರಿತು, ಟಾಕಿ ಎದ್ದಿತು, ನಮ್ಮ ಓಣಿಗೂ ನಳ ಬಂತು. ಹೆಂಗಸರು ಬಾವಿಯ ಕಡೆ ಹಾಯುವುದನ್ನೇ ಬಿಟ್ಟರು.

ಚಂದವ್ವ ಮಾತ್ರ ಎಂದಿನಂತೆ ಕೊಡ ಎತ್ತಿಕೊಂಡು ಹೊರಬಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಸೋಮನಿಂಗಪ್ಪನಿಗೆ ತಡೆಯಲಾಗಲಿಲ್ಲ.

"ನಳ ಮನಿ ಮುಂದ ಐತಲ್ಲವಾ. ಇನ್ನ ಅಲ್ಲಿಗ್ಯಾಕ ಹೊಂಟಿ?"

"ಎಲ್ಲಾರೂ ಬಿಟ್ಟು ಬಂದಾರಲ್ರಿ, ಮಾವಾ" ಎಂದಳು ಚಂದವ್ವ. "ಅಕಿ ಒಬ್ಬಾಕಿನ ಇರಾಕ ಅಂಜತಾಳ್ರಿ."