ನೀಲಾ ನನ್ನನ್ನು ನೋಡಿದಳು

ಶರಣ ಬಂಧುಗಳೇ, ನನ್ನ ಮಗಳು ನೀಲಾ ಒಂದೂವರೆ ವರ್ಷಕ್ಕೆ "ಅವ್ವ" ಅನ್ನುತ್ತಿದ್ದಳು. ಎರಡು ತುಂಬುವ ಹೊತ್ತಿಗೆ ಆ ಮಾತು ನಿಂತುಹೋಯಿತು. ರೊಟ್ಟಿ ಚೂರು ಹಿಡಿಯುತ್ತಿದ್ದ ಕೈಗಳು ಏನನ್ನೂ ಹಿಡಿಯದಾದವು. ಎರಡೂ ಕೈಯನ್ನು ಒಂದಕ್ಕೊಂದು ಉಜ್ಜುತ್ತಾ ಕೂರುವಳು, ಕರೆದರೆ ತಿರುಗಳು. ಆ ಒಂದು ಮಾತಿಗಾಗಿ ನಾನು ಹಂಬಲಿಸಿದ್ದು ಶಿವನಿಗೇ ಗೊತ್ತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ರೆಟ್ ಸಿಂಡ್ರೋಮ್ ಎಂದರು. ವಂಶವಾಹಿಯಲ್ಲಿ ತಾನಾಗಿ ಆದ ಬದಲಾವಣೆಯಂತೆ, ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಸಿಯುತ್ತದಂತೆ. ನಾವು ರಾಣೆಬೆನ್ನೂರಿನ ಕಡೆಯವರು, ಈಗ ಮೂಡಲಪಾಳ್ಯದಲ್ಲಿದ್ದೇವೆ. ಮನೆಗೆ ಬಂದು ಹೇಳಿದರೆ ಅತ್ತೆ, "ನಿನ್ನ ತವರಿನ ಕಡೆ ಯಾರಿಗಾದ್ರೂ ಹಿಂಗಿತ್ತೇನವಾ?" ಎಂದರು. ನಾನು ಮೊದಲೇ ಬಾಯಿ ಜೋರಿನವಳು. "ಯಾರ ಕಡೀದೂ ಅಲ್ಲ ಅಂತ ಡಾಕ್ಟ್ರೇ ಹೇಳ್ಯಾರ, ಬೇಕಾದ್ರ ನೀವೇ ಹೋಗಿ ಕೇಳ್ರಿ" ಎಂದುಬಿಟ್ಟೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರಿಗೂ ಸಂಕಟವೇ.

ಥೆರಪಿಗೆಂದು ರಾಜಾಜಿನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಸೀಟಿನವರು, "ಯಾಕಮ್ಮ ಮಗು ಕೈ ಹಂಗೆ ಉಜ್ತಾ ಇದೆ? ಸ್ವಲ್ಪ ಬಿಡ್ಸಬಾರ್ದಾ?" ಎಂದರು. "ಬಿಡ್ಸಕ್ಕಾಗಿದ್ರೆ ಬಿಡಿಸ್ತಿರ್ಲಿಲ್ವಾ ಆಂಟಿ" ಎಂದು ಕಿಟಕಿ ಕಡೆ ಮುಖ ಮಾಡಿದೆ. ಇಳಿಯುವವರೆಗೂ ಕಣ್ಣೀರು ನಿಲ್ಲಲಿಲ್ಲ.

ಥೆರಪಿಸ್ಟ್ ಹುಡುಗಿ ಮಾತ್ರ ಪ್ರತಿ ಸಲವೂ ಹೇಳುತ್ತಿದ್ದಳು: "ಇವಳಿಗೆ ಅರ್ಥ ಆಗುತ್ತೆ ಮೇಡಂ. ಉತ್ತರ ಕೊಡೋಕೆ ಹೊತ್ತು ಹಿಡಿಯುತ್ತೆ ಅಷ್ಟೆ. ಎರಡು ವಸ್ತು ತೋರ್ಸಿ ಸುಮ್ನಿರಿ. ಕಣ್ಣು ಎಲ್ಲಿ ನಿಲ್ಲುತ್ತೆ ನೋಡಿ."

ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ! ಲೋಟ, ಚೆಂಡು ಹಿಡಿದು "ಯಾವುದು ಬೇಕು ಬಂಗಾರಾ, ಇದಾ, ಅದಾ?" ಎಂದು ಒಂದೇ ಉಸಿರಿಗೆ ಕೇಳುತ್ತಿದ್ದೆ. ಅವಳು ಎತ್ತಲೋ ನೋಡುತ್ತಿದ್ದಳು. ದಿನವೂ ಪೂಜೆಯಲ್ಲಿ ನನ್ನದು ಒಂದೇ ಬೇಡಿಕೆ: "ತಂದೆ, ಅವಳು ಒಂದು ಸಲ ಕರೆಯಲಿ. ಅದಾಗದಿದ್ದರೆ ನಾನು ತಾಯಿ ಎಂದು ಅವಳಿಗೆ ಗೊತ್ತಿದೆಯೇ, ಅಷ್ಟಾದರೂ ತಿಳಿಸು." ಸಿಟ್ಟು ಬಂದಾಗ ಶಿವನನ್ನೇ "ನಿನಗೇನು ಕಿವಿ ಕೇಳಿಸುವುದಿಲ್ಲವೇ?" ಎಂದು ಬೈದದ್ದೂ ಉಂಟು.

ಹೋದ ಶ್ರಾವಣದ ಒಂದು ಸೋಮವಾರ ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಎದುರಿಗೆ ನೀಲಾಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆ. ಲಿಂಗದಲ್ಲಿ ದೃಷ್ಟಿಯಿಟ್ಟ ಮೇಲೆ ಮಾತಿಲ್ಲ, ಕೈ ಅಲುಗಿಸುವಂತಿಲ್ಲ. ಇಡೀ ದಿನದಲ್ಲಿ ನಾನು ಬಾಯಿ ಮುಚ್ಚಿಕೊಂಡಿರುವುದು ಅಷ್ಟು ಹೊತ್ತು ಮಾತ್ರ. ಬಹಳ ಹೊತ್ತಾದ ಮೇಲೆ, ಕೈ ಉಜ್ಜುವ ಸದ್ದು ನಿಂತಂತಾಯಿತು. ತಲೆ ಎತ್ತಿದರೆ ಮಗು ನನ್ನ ಅಂಗೈಯನ್ನೇ ನೋಡುತ್ತಿದೆ, ರೆಪ್ಪೆ ಬಡಿಯದೆ! ಉತ್ತರ ಕೊಡಲು ಅವಳಿಗೆ ಬೇಕಿದ್ದದ್ದು ಇಷ್ಟು ಹೊತ್ತೇ ಎಂದು ಆಗ ಹೊಳೆಯಿತು.

ಪೂಜೆ ಮುಗಿಸಿ ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಹಾಲಿನ ಬಟ್ಟಲು ಹಿಡಿದು, ಪೂಜೆಗೆ ಕೂತ ಹಾಗೆಯೇ ಕೂತೆ. ತುಟಿ ಕಚ್ಚಿ ಹಿಡಿದಿದ್ದೆ. ಅವಳ ಕಣ್ಣುಗಳು ಅಲೆದು ಅಲೆದು ಬಾಳೆಹಣ್ಣಿನ ಮೇಲೆ ನಿಂತವು. ಕೈ ಅದಲುಬದಲು ಮಾಡಿದೆ. ಮತ್ತೆ ಬಾಳೆಹಣ್ಣೇ! "ಅತ್ತೀ, ಲಗೂನ ಬರ್ರಿ ಇಲ್ಲಿ!" ಎಂದು ಕೂಗಿದೆ.

ಅತ್ತೆ ಬಂದು ನನ್ನ ಪಕ್ಕ ಕುಳಿತರು. ನೋಡಿದ್ದನ್ನೆಲ್ಲ ಹೇಳಿದೆ. ಅವರೇ ಮಗುವಿನ ಮುಂದೆ ಬಗ್ಗಿ, "ನೀಲಾ, ನಿಮ್ಮವ್ವ ಎಲ್ಲಿ?" ಎಂದು ಕೇಳಿದರು. ಮತ್ತೊಮ್ಮೆ ಕೇಳಹೊರಟವರ ಕೈಯನ್ನು ನಾನು ಒತ್ತಿ ಹಿಡಿದೆ. ಮಗುವಿನ ಕಣ್ಣು ಗೋಡೆಗೆ ಹೋಯಿತು, ಕಿಟಕಿಗೆ ಹೋಯಿತು. ಅತ್ತೆಯ ಮುಖದ ಮೇಲೆ ನಿಂತಾಗ ನನ್ನ ಜೀವ ಬಾಯಿಗೆ ಬಂತು. ಆಮೇಲೆ ಅಲ್ಲಿಂದಲೂ ಹೊರಟು ನನ್ನ ಮೇಲೆ ಬಂದು ನಿಂತಿತು. ನಿಂತೇ ಇತ್ತು.

"ನಿನ್ನನ್ನ ನೋಡಾಕತ್ತೈತವಾ ಕೂಸು, ನಿನ್ನನ್ನ!" ಎಂದು ಅತ್ತೆ ನನ್ನನ್ನು ತಬ್ಬಿಕೊಂಡು ಅತ್ತರು.

ಕಾಯಿಲೆ ಹೋಗಿಲ್ಲ ಬಂಧುಗಳೇ, ಥೆರಪಿಯನ್ನೂ ಬಿಟ್ಟಿಲ್ಲ. ನಿಮ್ಮ ಮನೆಯಲ್ಲೂ ಇಂಥ ಕೂಸಿದ್ದರೆ ಡಾಕ್ಟರ ಮಾತು ಕೇಳಿ, ಮಗುವನ್ನು ಏನಾದರೂ ಕೇಳಿದ ಮೇಲೆ ಕಾಯಿರಿ. ಸುಳ್ಳೇಕೆ ಹೇಳಲಿ, ಬೀದಿಯಲ್ಲಿ ಯಾರದೋ ಮಗು ತಾಯಿಯನ್ನು ಕರೆದರೆ ಈಗಲೂ ನನ್ನ ಕರುಳು ಚುರುಕ್ ಎನ್ನುತ್ತದೆ. ನನ್ನ ಕಿವಿಗೆ ಆ ಮಾತು ಮತ್ತೆ ಬಿದ್ದಿಲ್ಲ. ಆದರೆ ನಾನು ಕೇಳಿದ ಪ್ರಶ್ನೆಗೆ ಶಿವ ಉತ್ತರ ಕೊಟ್ಟಿದ್ದಾನೆ, ಅವನ ಪಾದಕ್ಕೆ ಶರಣು. ನನ್ನ ಮಗಳಿಗೆ ನಾನು ಗೊತ್ತು.